ಚೆಂಡಿಗೆ ತಲೆಕೊಟ್ಟ ನಾಯಕ

ಕಳೆದ ತಿಂಗಳು ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ನಮ್ಮ ಎಂಟನೇ ತರಗತಿಯ ಹುಡುಗನೊಬ್ಬ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ತಲೆ ಹಿಡಿದುಕೊಂಡು ಕುಳಿತಿದ್ದ. 'ಏನಾಯ್ತೋ?' ಎಂದು ಕೇಳಿದೆ. 'ಏನಿಲ್ಲ ಸಾರ್, ಹೆಡ್ ಮಾಡ್ತಿದ್ದೆ. ತಲೆ ಗುಂಯ್ ಅಂತಿದೆ' ಎಂದ. ವಿಚಾರಿಸಿದಾಗ ತಿಳಿಯಿತು, ಗೆಳೆಯನೊಬ್ಬ ಮೈದಾನದ ಮೂಲೆಯಿಂದ ಚೆಂಡನ್ನು ಎತ್ತಿ ಒದೆಯುವುದು, ಇವನು ಗೋಲಿನ ಮುಂದೆ ಹಾರಿ ಅದನ್ನು ಹಣೆಯಿಂದ ಗುದ್ದುವುದು. ಅರ್ಧ ಗಂಟೆಯಿಂದ ಇದೇ ಅಭ್ಯಾಸ ನಡೆದಿತ್ತು.

ಅಷ್ಟರಲ್ಲಿ ಅವನನ್ನು ಕರೆದೊಯ್ಯಲು ತಂದೆ ಸ್ಕೂಟರಿನಲ್ಲಿ ಬಂದರು. ವಿಷಯ ಕೇಳಿ ನನ್ನ ಕಡೆ ತಿರುಗಿದರು. 'ಮೇಷ್ಟ್ರೇ, ನೀವು ಸೈನ್ಸ್ ಓದಿದೋರು, ನೀವೇ ಹೇಳಿ. ಹೀಗೆ ಚೆಂಡಿಗೆ ತಲೆ ಕೊಡೋದು ಒಳ್ಳೇದೋ ಕೆಟ್ಟದ್ದೋ? ಕೆಟ್ಟದ್ದು ಅಂದ್ರೆ ನಾಳೆಯಿಂದ ಆಟಾನೇ ಬಿಡಿಸಿಬಿಡ್ತೀನಿ.'

ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು 'ಇವತ್ತಿಗೆ ಆಟ ಸಾಕು, ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ. ಸಂಜೆಯವರೆಗೂ ಒಂದು ಕಣ್ಣಿಟ್ಟಿರಿ. ವಾಂತಿ ಗೀಂತಿ ಆದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಪ್ರಶ್ನೆಗೆ ಸಾವಕಾಶವಾಗಿ ಉತ್ತರ ಹೇಳುತ್ತೇನೆ' ಎಂದೆ. ಸೋಮವಾರ ಹುಡುಗ ಚೆನ್ನಾಗಿಯೇ ಶಾಲೆಗೆ ಬಂದ. ಆದರೆ ಆ ತಂದೆಗೆ ಉತ್ತರ ಕೊಡುವುದು ಬಾಕಿ ಉಳಿದಿತ್ತು. ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥ ಪ್ರಶ್ನೆ ಅದಲ್ಲ. ಅದಕ್ಕೆ ಸ್ಕಾಟ್ಲೆಂಡ್ ದೇಶದ ಒಬ್ಬ ಹಿರಿಯ ಆಟಗಾರನ ಕಥೆಯಿಂದಲೇ ಆರಂಭಿಸಬೇಕು. ಅವರ ಹೆಸರು ಬಿಲ್ಲಿ ಮೆಕ್ನೀಲ್.

ಗಣಿ ಸೀಮೆಯ ಹುಡುಗ

ಮೆಕ್ನೀಲ್ ಹುಟ್ಟಿದ್ದು 1940ರ ಮಾರ್ಚ್ 2ರಂದು, ಗ್ಲಾಸ್ಗೊ ನಗರಕ್ಕೆ ಸಮೀಪದ ಬೆಲ್ಸ್‌ಹಿಲ್ ಎಂಬ ಊರಿನಲ್ಲಿ. ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆಗಳ ಸೀಮೆ ಅದು. ತಂದೆ ಸೈನ್ಯದಲ್ಲಿದ್ದವರು. ತಾಯಿಯ ಕಡೆಯವರು ಲಿಥುವೇನಿಯಾ ದೇಶದಿಂದ ವಲಸೆ ಬಂದ ಮನೆತನದವರು. ಹುಡುಗ ಎತ್ತರಕ್ಕೆ ಬೆಳೆದ. 1957ರಲ್ಲಿ, ಹದಿನೇಳನೆಯ ವಯಸ್ಸಿಗೆ, ಬ್ಲಾಂಟೈರ್ ವಿಕ್ಟೋರಿಯಾ ಎಂಬ ಸಣ್ಣ ಕ್ಲಬ್ಬಿನಿಂದ ಗ್ಲಾಸ್ಗೊದ ಹೆಸರಾಂತ ಸೆಲ್ಟಿಕ್ ಕ್ಲಬ್ಬನ್ನು ಸೇರಿದ. ಮರುವರ್ಷ ಮುಖ್ಯ ತಂಡದಲ್ಲಿ ಮೊದಲ ಪಂದ್ಯ ಆಡಿದ. ಅಲ್ಲಿಂದ 1975ರಲ್ಲಿ ನಿವೃತ್ತಿಯಾಗುವ ತನಕ ಆಟಗಾರನಾಗಿ ಬೇರೊಂದು ಕ್ಲಬ್ಬಿನ ಅಂಗಿ ತೊಡಲಿಲ್ಲ.

ಅವರ ಜಾಗ ಸೆಂಟರ್ ಹಾಫ್, ಅಂದರೆ ರಕ್ಷಣಾ ಸಾಲಿನ ನಟ್ಟನಡುವೆ, ಗೋಲುಕೀಪರನ ಮುಂದೆ. ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಗೋಲಾಗದಂತೆ ತಡೆದವನ ಹೆಸರು ಅಷ್ಟಾಗಿ ಬರುವುದಿಲ್ಲ. ಎದುರಾಳಿಗಳು ಎರಡೂ ಬದಿಯಿಂದ ಎತ್ತಿ ಒದ್ದ ಚೆಂಡುಗಳೆಲ್ಲ ಬಂದು ಬೀಳುವುದು ಸೆಂಟರ್ ಹಾಫ್ ನಿಂತ ಜಾಗಕ್ಕೇ. ಕೈಯಿಂದ ಮುಟ್ಟುವಂತಿಲ್ಲ, ನೆಲಕ್ಕೆ ಬರುವವರೆಗೆ ಕಾಯುವಂತಿಲ್ಲ. ಹಾರಬೇಕು, ಹಣೆಯಿಂದ ಗುದ್ದಿ ದೂರ ಅಟ್ಟಬೇಕು. ಆರಡಿಗೂ ಮಿಕ್ಕ ಎತ್ತರದ ಮೆಕ್ನೀಲ್ ಈ ಕೆಲಸದಲ್ಲಿ ನಿಷ್ಣಾತರಾದರು. ಕಾಲಿನ ಆಟದಲ್ಲಿ ಅವರಿಗೆ ತಲೆಯೇ ದೊಡ್ಡ ಆಯುಧವಾಯಿತು.

ವಿದ್ಯಾರ್ಥಿಗಳು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. 1961ರ ಏಪ್ರಿಲ್‌ನಲ್ಲಿ ಮೆಕ್ನೀಲ್ ಸ್ಕಾಟ್ಲೆಂಡ್ ತಂಡದ ಪರವಾಗಿ ಮೊದಲ ಬಾರಿ ಆಡಿದರು. ಎದುರಾಳಿ ಇಂಗ್ಲೆಂಡ್, ಸ್ಥಳ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಫಲಿತಾಂಶವೇನು ಗೊತ್ತೇ? ಇಂಗ್ಲೆಂಡ್ 9, ಸ್ಕಾಟ್ಲೆಂಡ್ 3. ಗೋಲು ತಡೆಯುವ ಹೊಣೆ ಹೊತ್ತ 21 ವರ್ಷದ ಹುಡುಗನಿಗೆ ಮೊದಲ ದಿನವೇ ಒಂಬತ್ತು ಗೋಲು! ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತೆಂದು ಪುಸ್ತಕ ಮುಚ್ಚಿಡುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ. ಮೆಕ್ನೀಲ್ ಆ ಬಳಿಕ ಸ್ಕಾಟ್ಲೆಂಡ್ ಪರ ಇನ್ನೂ 28 ಪಂದ್ಯ ಆಡಿದರು.

ಮೂಲೆಯಿಂದ ಬಂದ ಚೆಂಡು

1963ರಲ್ಲಿ ಮೆಕ್ನೀಲ್ ಸೆಲ್ಟಿಕ್ ತಂಡದ ನಾಯಕರಾದರು. ಆದರೆ ಆ ದಿನಗಳಲ್ಲಿ ತಂಡದ ಸ್ಥಿತಿ ಚೆನ್ನಾಗಿರಲಿಲ್ಲ. 1957ರ ನಂತರ ದೊಡ್ಡ ಪ್ರಶಸ್ತಿ ಒಂದೂ ಬಂದಿರಲಿಲ್ಲ. 1965ರ ಮಾರ್ಚ್‌ನಲ್ಲಿ ಜಾಕ್ ಸ್ಟೀನ್ ವ್ಯವಸ್ಥಾಪಕರಾಗಿ ಬಂದರು. ಯೌವನದಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದವರು, ಸೆಲ್ಟಿಕ್‌ನಲ್ಲಿ ಅದೇ ಸೆಂಟರ್ ಹಾಫ್ ಜಾಗದಲ್ಲಿ ಆಡಿ ನಾಯಕರಾಗಿದ್ದವರು, ಕಾಲಿನ ಪೆಟ್ಟಿನಿಂದ ಆಟ ಬಿಟ್ಟು ಕ್ಲಬ್ಬಿನ ಕಿರಿಯರಿಗೆ ಪಾಠ ಹೇಳಿದವರು. ಆ ಕಿರಿಯರ ಪೈಕಿ ಮೆಕ್ನೀಲ್ ಕೂಡ ಒಬ್ಬರಾಗಿದ್ದರು. ಈಗ ಗುರು ಶಿಷ್ಯರು ಮತ್ತೆ ಒಂದೆಡೆ ಸೇರಿದಂತಾಯಿತು.

ಒಂದೂವರೆ ತಿಂಗಳು ಕಳೆಯುವುದರೊಳಗೆ ಸ್ಕಾಟಿಷ್ ಕಪ್ ಫೈನಲ್. ದಿನಾಂಕ 1965ರ ಏಪ್ರಿಲ್ 24. ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ಲಕ್ಷಕ್ಕೂ ಮಿಕ್ಕ ಜನ. ಎದುರಾಳಿ ಡನ್‌ಫರ್ಮ್‌ಲಿನ್, ಹಿಂದೆ ಸ್ಟೀನ್ ಅವರೇ ತಿದ್ದಿ ಬೆಳೆಸಿದ್ದ ತಂಡ. ಸ್ಕೋರು 2–2. ಆಟ ಮುಗಿಯಲು ಹತ್ತು ನಿಮಿಷವೂ ಉಳಿದಿಲ್ಲ. ಸೆಲ್ಟಿಕ್‌ಗೆ ಕಾರ್ನರ್ ಕಿಕ್ ಸಿಕ್ಕಿತು. ಚಾರ್ಲಿ ಗ್ಯಾಲಹರ್ ಚೆಂಡನ್ನು ಎತ್ತಿ ಒದ್ದರು. ರಕ್ಷಣಾ ಸಾಲಿನಿಂದ ಮುಂದೆ ಓಡಿ ಬಂದ ಮೆಕ್ನೀಲ್ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಚೆಂಡನ್ನು ಹಣೆಯಿಂದ ಬಲೆಗೆ ತಳ್ಳಿದರು. 3–2. ಸೆಲ್ಟಿಕ್‌ನ ಮುಂದಿನ ಹತ್ತು ವರ್ಷಗಳ ಏಳಿಗೆಗೆ ಆ ಒಂದು ಹೆಡ್ಡರ್ ನಾಂದಿಯಾಯಿತು ಎಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಸ್ಕಾಟ್ಲೆಂಡಿನ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಪ್ರಶಸ್ತಿಯನ್ನು ಆರಂಭಿಸಿದ್ದು ಅದೇ ವರ್ಷ, ಮೊದಲ ಪ್ರಶಸ್ತಿ ಸಂದದ್ದು ಮೆಕ್ನೀಲ್ ಅವರಿಗೆ.

ಎರಡು ವರ್ಷದ ಬಳಿಕ ಇಂಥದೇ ಇನ್ನೊಂದು ಸಂದರ್ಭ ಬಂತು. ಯುರೋಪಿನ ಚಾಂಪಿಯನ್ ಕ್ಲಬ್ಬುಗಳು ಸೆಣಸುವ ಯುರೋಪಿಯನ್ ಕಪ್‌ನ ಕ್ವಾರ್ಟರ್ ಫೈನಲ್ ಅದು. ಯುಗೊಸ್ಲಾವಿಯದ ವೊಯ್ವೊದಿನಾ ತಂಡ ತನ್ನ ಊರಿನಲ್ಲಿ 1–0ಯಿಂದ ಗೆದ್ದಿತ್ತು. 1967ರ ಮಾರ್ಚ್ 8ರಂದು ಗ್ಲಾಸ್ಗೊದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಸೆಲ್ಟಿಕ್ 1–0 ಮುಂದಿತ್ತು. ಹಾಗೆಯೇ ಮುಗಿದಿದ್ದರೆ ಮೂರನೇ ಊರಿನಲ್ಲಿ ಮತ್ತೊಂದು ಪಂದ್ಯ ಆಡಬೇಕಿತ್ತು. ಕೊನೆಯ ನಿಮಿಷ. ಮತ್ತೆ ಕಾರ್ನರ್ ಕಿಕ್, ಮತ್ತೆ ಗ್ಯಾಲಹರ್, ಮತ್ತೆ ಮೆಕ್ನೀಲ್ ಅವರ ಹಣೆ. ಚೆಂಡು ಬಲೆಯೊಳಗೆ.

ಆ ಗೆಲುವಿನ ದಾರಿ ನೇರವಾಗಿ ಲಿಸ್ಬನ್ನಿಗೆ ಹೋಯಿತು. 1967ರ ಮೇ 25ರಂದು ಪೋರ್ಚುಗಲ್‌ನ ಆ ರಾಜಧಾನಿಯಲ್ಲಿ ಫೈನಲ್ ಪಂದ್ಯ. ಎದುರಿಗೆ ಇಟಲಿಯ ಇಂಟರ್ ಮಿಲಾನ್, 1964 ಮತ್ತು 1965ರಲ್ಲಿ ಇದೇ ಕಪ್ ಗೆದ್ದಿದ್ದ ತಂಡ. ಕೋಟೆಯಂಥ ರಕ್ಷಣೆಗೆ ಹೆಸರಾದ ತಂಡ. ಸೆಲ್ಟಿಕ್ ಆಟಗಾರರೆಲ್ಲ ತಮ್ಮ ಕ್ಲಬ್ಬಿನ ಮೈದಾನದಿಂದ ಮೂವತ್ತು ಮೈಲಿ ಸುತ್ತಳತೆಯೊಳಗೆ ಹುಟ್ಟಿದವರು. ನಮ್ಮಲ್ಲಿ ಹೇಳುವುದಾದರೆ ಒಂದೆರಡು ತಾಲ್ಲೂಕಿನ ಹುಡುಗರು ಸೇರಿ ಇಡೀ ಖಂಡವನ್ನು ಗೆಲ್ಲಲು ಹೊರಟ ಹಾಗೆ. ಏಳನೇ ನಿಮಿಷದಲ್ಲೇ ಪೆನಾಲ್ಟಿಯಿಂದ ಇಂಟರ್ ಗೋಲು ಗಳಿಸಿತು. ಸೆಲ್ಟಿಕ್ ಎದೆಗುಂದಲಿಲ್ಲ. ಅಲೆಯ ಮೇಲೆ ಅಲೆಯಂತೆ ನುಗ್ಗಿತು. 63ನೇ ನಿಮಿಷದಲ್ಲಿ ಟಾಮಿ ಗೆಮ್ಮೆಲ್, 84ನೇ ನಿಮಿಷದಲ್ಲಿ ಸ್ಟೀವಿ ಚಾಮರ್ಸ್ ಗೋಲು ಹೊಡೆದರು. 2–1. ಯುರೋಪಿಯನ್ ಕಪ್ ಮೊದಲ ಬಾರಿಗೆ ಬ್ರಿಟನ್ನಿಗೆ ಬಂತು.

ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ್ದರಿಂದ ತಂಡದವರೆಲ್ಲ ಒಟ್ಟಿಗೆ ಹೋಗಿ ಕಪ್ ಸ್ವೀಕರಿಸಲು ಆಗಲಿಲ್ಲ. ನಾಯಕ ಮೆಕ್ನೀಲ್ ಜನರ ನಡುವೆ ದಾರಿ ಮಾಡಿಕೊಂಡು ಮೇಲಿನ ಕಟ್ಟೆಗೆ ಹೋಗಿ, ಬಿಸಿಲಿನಲ್ಲಿ ಹೊಳೆಯುವ ಆ ದೊಡ್ಡ ಬೆಳ್ಳಿಯ ಕಪ್ಪನ್ನು ಎರಡೂ ಕೈಗಳಿಂದ ಎತ್ತಿ ಹಿಡಿದರು. ಆ ಭಾವಚಿತ್ರ ಗ್ಲಾಸ್ಗೊದ ಎಷ್ಟೋ ಮನೆಗಳ ಗೋಡೆಯ ಮೇಲಿದೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1966ರಿಂದ 1974ರ ತನಕ ಸತತ ಒಂಬತ್ತು ವರ್ಷ ಸೆಲ್ಟಿಕ್ ಸ್ಕಾಟಿಷ್ ಲೀಗ್ ಗೆದ್ದಿತು. ಆಟಗಾರನಾಗಿ ಮೆಕ್ನೀಲ್ ಗಳಿಸಿದ್ದು 9 ಲೀಗ್, 7 ಸ್ಕಾಟಿಷ್ ಕಪ್, 6 ಲೀಗ್ ಕಪ್, ಜತೆಗೆ ಆ ಯುರೋಪಿಯನ್ ಕಪ್. ಸೆಲ್ಟಿಕ್ ಪರ ಆಡಿದ ಪಂದ್ಯಗಳು 790. 1975ರ ಮೇ ತಿಂಗಳಲ್ಲಿ ಸ್ಕಾಟಿಷ್ ಕಪ್ ಗೆದ್ದ ದಿನವೇ ಆಟಕ್ಕೆ ವಿದಾಯ ಹೇಳಿದರು. ಆಮೇಲೆ ವ್ಯವಸ್ಥಾಪಕರಾಗಿ ಅಬರ್ಡೀನ್, ಮ್ಯಾಂಚೆಸ್ಟರ್ ಸಿಟಿ, ಆಸ್ಟನ್ ವಿಲ್ಲಾ ತಂಡಗಳನ್ನೂ, ಎರಡು ಅವಧಿಗೆ ಸೆಲ್ಟಿಕ್ ತಂಡವನ್ನೂ ನಡೆಸಿದರು. ಕ್ಲಬ್ಬಿನ ಶತಮಾನೋತ್ಸವದ 1988ರಲ್ಲಿ ಲೀಗ್ ಮತ್ತು ಕಪ್ ಎರಡನ್ನೂ ಗೆಲ್ಲಿಸಿಕೊಟ್ಟರು.

ಮಾತು ನಿಂತ ಮನೆ

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರೀ ಸಾಧನೆಯ ಕಥೆಯಾಗುತ್ತಿತ್ತು. 2010ರ ಹೊತ್ತಿಗೆ, ಎಪ್ಪತ್ತನೆಯ ವಯಸ್ಸಿನಲ್ಲಿ, ಮೆಕ್ನೀಲ್ ಅವರಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇರುವುದು ಪತ್ತೆಯಾಯಿತು. ಕುಟುಂಬದವರು ಈ ವಿಷಯವನ್ನು ಬಹಿರಂಗಪಡಿಸಿದ್ದು 2017ರಲ್ಲಿ. ಆ ವೇಳೆಗೆ ಅವರ ಮಾತು ಬಹುಮಟ್ಟಿಗೆ ನಿಂತುಹೋಗಿತ್ತು. ಮೈದಾನದಲ್ಲಿ ಹತ್ತು ಜನರನ್ನು ಕೂಗಿ ಕರೆದು ನಡೆಸಿದ ಮನುಷ್ಯ, ಮನೆಯಲ್ಲಿ ಎದುರಿಗೆ ಕುಳಿತ ಹೆಂಡತಿ ಮಕ್ಕಳೊಡನೆ ಮಾತನಾಡಲಾರದ ಸ್ಥಿತಿ. ಸೆಲ್ಟಿಕ್ ಮೈದಾನದ ಮುಂದೆ ಕಪ್ ಎತ್ತಿ ಹಿಡಿದ ಅವರ ಕಂಚಿನ ಪ್ರತಿಮೆಯನ್ನು 2015ರಲ್ಲೇ ನಿಲ್ಲಿಸಿದ್ದರು. 2019ರ ಏಪ್ರಿಲ್ 22ರಂದು ಅವರು ತೀರಿಕೊಂಡಾಗ ಆ ಪ್ರತಿಮೆಯ ಸುತ್ತ ಹೂವು, ಹಸಿರು ಬಿಳಿ ಪಟ್ಟೆಯ ಶಾಲುಗಳು ರಾಶಿ ಬಿದ್ದವು. ಒಂದು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 29ರಂದು, ಲಿಸ್ಬನ್ನಿನಲ್ಲಿ ಗೆಲುವಿನ ಗೋಲು ಹೊಡೆದ ಚಾಮರ್ಸ್ ಕೂಡ ತೀರಿಕೊಂಡರು. ಅವರಿಗೂ ಅದೇ ಮರೆವಿನ ಕಾಯಿಲೆ ಇತ್ತು.

ಅರವತ್ತಕ್ಕೆ ಅರಳು ಮರಳು ಎಂದು ನಾವು ಹೇಳುತ್ತೇವೆ. ವಯಸ್ಸಾದವರಿಗೆ ಮರೆವು ಬರುವುದು ಸಹಜ ಎಂದು ಸುಮ್ಮನಾಗುತ್ತೇವೆ. ಆದರೆ ಬ್ರಿಟನ್ನಿನಲ್ಲಿ ಒಂದು ಪ್ರಶ್ನೆ ಬಹಳ ದಿನಗಳಿಂದ ಕೇಳಿಬರುತ್ತಿತ್ತು. ಇಂಗ್ಲೆಂಡಿನ ಜೆಫ್ ಆಸ್ಟಲ್ ಎಂಬ ಆಟಗಾರ, ಹೆಡ್ಡರ್‌ಗೆ ಹೆಸರಾಗಿದ್ದವರು, 2002ರಲ್ಲಿ ಬರೀ 59ನೇ ವಯಸ್ಸಿಗೆ ಮರೆವಿನ ಕಾಯಿಲೆಯಿಂದ ಸತ್ತಾಗ, ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ಕಸುಬಿನಿಂದ ಬಂದ ಕಾಯಿಲೆ ಎಂದು ದಾಖಲಿಸಿದ್ದರು. ಕಲ್ಲುಕ್ವಾರಿಯಲ್ಲಿ ದುಡಿದವನ ಶ್ವಾಸಕೋಶಕ್ಕೆ ದೂಳು ಹತ್ತುವ ಹಾಗೆ, ಚೆಂಡನ್ನು ಗುದ್ದಿದವನ ಮಿದುಳಿಗೂ ಏನಾದರೂ ಆಗುತ್ತದೆಯೇ?

ತಲೆಯೊಳಗಿನ ಲೆಕ್ಕ

ಪ್ರೌಢಶಾಲೆಯ ಭೌತಶಾಸ್ತ್ರವೇ ಇಲ್ಲಿ ಸಾಕು. ಪೆನ್ಸಿಲ್ ತೆಗೆದುಕೊಳ್ಳಿ. ಫುಟ್‌ಬಾಲ್‌ನ ತೂಕ ನಿಯಮದ ಪ್ರಕಾರ 410ರಿಂದ 450 ಗ್ರಾಂ. ನಾವು 430 ಗ್ರಾಂ, ಅಂದರೆ 0.43 ಕಿಲೊ ಎಂದು ಇಟ್ಟುಕೊಳ್ಳೋಣ. ಅದು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 72 ಕಿಲೋಮೀಟರ್, ಬಂದು ಹಣೆಗೆ ತಾಗಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಿಂದಿರುಗಿತು ಎನ್ನಿ. ದಿಕ್ಕು ಬದಲಾದುದರಿಂದ ವೇಗದ ಒಟ್ಟು ಬದಲಾವಣೆ 30. ಸಂವೇಗದ ಬದಲಾವಣೆ 0.43 ಗುಣಿಸು 30, ಅಂದರೆ 12.9. ಚೆಂಡು ಹಣೆಗೆ ಅಂಟಿರುವ ಕಾಲ ಸುಮಾರು ಸೆಕೆಂಡಿನ ನೂರನೇ ಒಂದು ಭಾಗ. ನ್ಯೂಟನ್ನನ ಎರಡನೇ ನಿಯಮದಂತೆ ಭಾಗಿಸಿದರೆ ಸರಾಸರಿ ಬಲ 1290 ನ್ಯೂಟನ್. ಅಂದರೆ ಸುಮಾರು 130 ಕಿಲೊ ತೂಕದಷ್ಟು ಬಲ. ಒಂದು ಕ್ವಿಂಟಲ್ ಅಕ್ಕಿ ಮೂಟೆಗಿಂತ ಹೆಚ್ಚು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಕಾಲ.

ಬುರುಡೆ ಗಟ್ಟಿ, ಅದಕ್ಕೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಒಳಗೆ. ಕೊಬ್ಬರಿಯಾದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಕರಟ ನಿಂತ ಮೇಲೂ ಒಳಗಿನ ಗಿಟುಕು ಹೋಗಿ ಬಡಿಯುತ್ತದೆ. ಮಿದುಳು ಅಷ್ಟು ಸಡಿಲವಾಗಿಲ್ಲ, ಸುತ್ತ ತಿಳಿಯಾದ ದ್ರವದ ಮೆತ್ತೆ ಇದೆ. ಆದರೆ ಅದು ಗಿಟುಕಿನಷ್ಟು ಗಟ್ಟಿಯೂ ಅಲ್ಲ. ಹೆಚ್ಚುಕಡಿಮೆ ನಾವು ತಿನ್ನುವ ಗಿಣ್ಣಿನ ಹದ. ತಲೆ ಫಕ್ಕನೆ ಹಿಂದಕ್ಕೆ ಸರಿದಾಗ ಅಥವಾ ತಿರುಚಿದಾಗ ಈ ಮೃದುವಾದ ಮುದ್ದೆ ಒಳಗೊಳಗೇ ಎಳೆದಂತಾಗುತ್ತದೆ. ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ನರತಂತುಗಳು ಜಗ್ಗುತ್ತವೆ. ಒಂದು ಸಲ ಜಗ್ಗಿದರೆ ಸರಿಹೋಗುತ್ತದೆ. ಪಂದ್ಯಕ್ಕೆ ಹತ್ತು ಹೆಡ್ಡರ್ ಎಂದೇ ಇಟ್ಟುಕೊಂಡರೂ 790 ಪಂದ್ಯಕ್ಕೆ ಎಷ್ಟಾಯಿತು? ಹತ್ತಿರ ಹತ್ತಿರ ಎಂಟು ಸಾವಿರ. ಅಭ್ಯಾಸದ ಲೆಕ್ಕ ಬೇರೆ.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಂತ್ರದಿಂದ ಕಾರ್ನರ್ ಕಿಕ್‌ನಂತೆ ಚೆಂಡು ಎಸೆದು, ಆಟಗಾರರಿಂದ ಒಬ್ಬೊಬ್ಬರಿಗೆ 20 ಬಾರಿ ಹೆಡ್ ಮಾಡಿಸಿದರು. ಯಾರಿಗೂ ಪ್ರಜ್ಞೆ ತಪ್ಪಲಿಲ್ಲ. ಆದರೂ ಕೂಡಲೇ ನಡೆಸಿದ ನೆನಪಿನ ಪರೀಕ್ಷೆಯಲ್ಲಿ ಅವರ ಸಾಮರ್ಥ್ಯ ಕುಗ್ಗಿತ್ತು. 24 ಗಂಟೆಯೊಳಗೆ ಮತ್ತೆ ಮೊದಲಿನಂತಾಯಿತು. ಬೇವಿನ ಮರದ ಕೆಳಗೆ ಕುಳಿತಿದ್ದ ನಮ್ಮ ಹುಡುಗ ಮಾಡಿದ್ದೂ ಇದೇ ಅಭ್ಯಾಸವನ್ನು. ಅದನ್ನು ಮುಗಿಸಿ ನೇರವಾಗಿ ಟ್ಯೂಷನ್ನಿಗೆ ಹೋಗುವ ಹುಡುಗರೂ ಇರುತ್ತಾರೆ.

ಏಳು ಸಾವಿರ ಆಟಗಾರರು

ಮೆಕ್ನೀಲ್ ತೀರಿಕೊಂಡ ಆರು ತಿಂಗಳಿಗೆ, 2019ರ ಅಕ್ಟೋಬರ್‌ನಲ್ಲಿ, ಗ್ಲಾಸ್ಗೊ ವಿಶ್ವವಿದ್ಯಾಲಯದ ವಿಲ್ಲಿ ಸ್ಟೂವರ್ಟ್ ಎಂಬ ವೈದ್ಯ ವಿಜ್ಞಾನಿಯ ತಂಡ ದೊಡ್ಡದೊಂದು ಅಧ್ಯಯನದ ಫಲಿತಾಂಶವನ್ನು ಹೊರತಂದಿತು. ಸ್ಕಾಟ್ಲೆಂಡಿನಲ್ಲಿ ವೃತ್ತಿಪರವಾಗಿ ಆಡಿದ 7,676 ಮಾಜಿ ಆಟಗಾರರು ಒಂದು ಕಡೆ. ಅದೇ ವಯಸ್ಸಿನ, ಅದೇ ಬಗೆಯ ವಸತಿ ಪರಿಸರದ 23,028 ಸಾಮಾನ್ಯ ಗಂಡಸರು ಇನ್ನೊಂದು ಕಡೆ. ಆಸ್ಪತ್ರೆಯ ದಾಖಲೆ, ಮರಣದ ದಾಖಲೆಗಳನ್ನು ಹೋಲಿಸಿ ನೋಡಿದರು.

ಮೊದಲು ಒಳ್ಳೆಯ ಸುದ್ದಿ. ಹೃದಯದ ಕಾಯಿಲೆಯಿಂದ ಸತ್ತವರು ಆಟಗಾರರಲ್ಲಿ ಕಡಿಮೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಇನ್ನೂ ಕಡಿಮೆ. ಎಪ್ಪತ್ತು ವರ್ಷ ತುಂಬುವವರೆಗೆ ಒಟ್ಟಾರೆ ಸಾವಿನ ಪ್ರಮಾಣವೇ ಅವರಲ್ಲಿ ಕಡಿಮೆ. ಇನ್ನು ಕೆಟ್ಟ ಸುದ್ದಿ. ನರಕೋಶಗಳು ಕ್ರಮೇಣ ನಶಿಸುವ ಕಾಯಿಲೆಗಳು ಸಾವಿಗೆ ಕಾರಣವಾದದ್ದು ಸಾಮಾನ್ಯರಲ್ಲಿ ನೂರಕ್ಕೆ 0.5, ಆಟಗಾರರಲ್ಲಿ ನೂರಕ್ಕೆ 1.7. ವಯಸ್ಸು ಇತ್ಯಾದಿಗಳನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು ಮೂರೂವರೆ ಪಟ್ಟು ಹೆಚ್ಚು.

2021ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಟಗಾರರನ್ನು ಅವರ ಜಾಗದ ಪ್ರಕಾರ ವಿಂಗಡಿಸಿತು. ಗೋಲುಕೀಪರ್‌ಗಳಲ್ಲಿ ಈ ಕಾಯಿಲೆಯ ಅಪಾಯ ಸಾಮಾನ್ಯ ಜನರಿಗಿಂತ ಹೆಚ್ಚೆಂದು ಹೇಳುವಷ್ಟು ಇರಲಿಲ್ಲ. ಅವರು ಚೆಂಡನ್ನು ಕೈಯಲ್ಲಿ ಹಿಡಿಯುತ್ತಾರೆ. ಅತಿ ಹೆಚ್ಚು ಅಪಾಯ ಕಂಡದ್ದು ರಕ್ಷಣಾ ಆಟಗಾರರಲ್ಲಿ, ಸುಮಾರು ಐದು ಪಟ್ಟು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಆಡಿದವರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಹಿಂದಿನ ಕಾಲದ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ಅದರಿಂದ ಹೀಗಾಯಿತು ಎಂದು ಹಲವರು ವಾದಿಸುತ್ತಿದ್ದರು. ಆದರೆ ಈ ಅಧ್ಯಯನದಲ್ಲಿ ಯಾವ ದಶಕದಲ್ಲಿ ಹುಟ್ಟಿದವರನ್ನು ನೋಡಿದರೂ ಅಪಾಯ ಕಡಿಮೆಯಾಗಿರಲಿಲ್ಲ. ಇಂದಿನ ಚೆಂಡು ನೀರು ಕುಡಿಯುವುದಿಲ್ಲ ನಿಜ. ಒಣಗಿದ್ದಾಗಿನ ತೂಕ ಮಾತ್ರ ಅಂದಿನಷ್ಟೇ.

ಏನನ್ನು ಹೇಳಬಹುದು, ಏನನ್ನು ಹೇಳಬಾರದು

ಇಲ್ಲಿ ಅವಸರ ಮಾಡಬಾರದು. ಮೆಕ್ನೀಲ್ ಅವರಿಗೆ ಕಾಯಿಲೆ ಬಂದದ್ದು ಹೆಡ್ಡರ್‌ನಿಂದಲೇ ಎಂದು ಈ ಅಂಕಿಗಳು ಹೇಳುವುದಿಲ್ಲ. ಅಂಕಿಸಂಖ್ಯೆ ಗುಂಪಿನ ಬಗ್ಗೆ ಮಾತನಾಡುತ್ತದೆ, ಒಬ್ಬ ವ್ಯಕ್ತಿಯ ಬಗ್ಗೆ ಅಲ್ಲ. ಆಟವನ್ನೇ ಆಡದ ಎಷ್ಟೋ ಹಿರಿಯರಿಗೂ ಈ ಕಾಯಿಲೆ ಬರುತ್ತದೆ. ಅಧ್ಯಯನ ಮಾಡಿದವರು ಒಬ್ಬೊಬ್ಬರ ಹೆಡ್ಡರ್‌ಗಳನ್ನು ಎಣಿಸಿಯೂ ಇಲ್ಲ. ತಲೆಗೆ ತಲೆ ಡಿಕ್ಕಿ ಹೊಡೆದ ಪೆಟ್ಟುಗಳೂ ಇದರಲ್ಲಿ ಸೇರಿವೆ. 2023ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನವೊಂದರಲ್ಲಿ ಅಪಾಯ ಇಷ್ಟು ದೊಡ್ಡದಾಗಿ ಕಾಣಲಿಲ್ಲ, ಸುಮಾರು ಒಂದೂವರೆ ಪಟ್ಟು ಮಾತ್ರ. ಆದರೆ ಅಲ್ಲಿಯೂ ಗೋಲುಕೀಪರ್‌ಗಳಿಗೆ ಹೆಚ್ಚಿನ ಅಪಾಯವಿರಲಿಲ್ಲ. ಎರಡು ದೇಶದ ಕೈಕಂಬಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ ಎಂದಷ್ಟೇ ಹೇಳಬಹುದು.

ಬೀಡಿ ಸೇದಿಯೂ ತೊಂಬತ್ತು ವರ್ಷ ಬದುಕಿದ ಒಬ್ಬ ತಾತ ಪ್ರತಿ ಊರಿನಲ್ಲೂ ಇರುತ್ತಾನೆ. ಅವನನ್ನು ತೋರಿಸಿ ಬೀಡಿ ಒಳ್ಳೆಯದು ಎನ್ನುವುದು ಹೇಗೆ ತಪ್ಪೋ, ಮೆಕ್ನೀಲ್ ಒಬ್ಬರನ್ನೇ ತೋರಿಸಿ ಫುಟ್‌ಬಾಲ್ ಕೆಟ್ಟದ್ದು ಎನ್ನುವುದೂ ಹಾಗೆಯೇ ತಪ್ಪು.

ಸ್ಕಾಟ್ಲೆಂಡಿನವರು ಏನು ಮಾಡಿದರು ನೋಡಿ. ಆಟವನ್ನು ನಿಲ್ಲಿಸಲಿಲ್ಲ. 2020ರ ಫೆಬ್ರವರಿಯಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡ್ ಮಾಡಿಸಬಾರದೆಂದು ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಸೂಚಿಸಿತು. ಮಕ್ಕಳ ತಲೆ ದೊಡ್ಡದು, ಕುತ್ತಿಗೆಯ ಸ್ನಾಯು ಇನ್ನೂ ಬಲಿತಿರುವುದಿಲ್ಲ, ಬೆಳೆಯುವ ಮಿದುಳು ಸೂಕ್ಷ್ಮ. 2022ರ ನವೆಂಬರ್‌ನಲ್ಲಿ ವೃತ್ತಿಪರ ತಂಡಗಳಿಗೂ ಕಟ್ಟುಪಾಡು ಬಂತು. ಪಂದ್ಯದ ಹಿಂದಿನ ದಿನ ಮತ್ತು ಮರುದಿನ ಹೆಡ್ಡರ್ ಅಭ್ಯಾಸ ಕೂಡದು. ಮೆಕ್ನೀಲ್ ಕಾಲದಲ್ಲಿ ಇಂಥ ನಿಯಮ ಇರಲಿಲ್ಲ, ಇರಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಈಗ ಆ ತಂದೆಗೆ ನನ್ನ ಉತ್ತರ. ಸ್ವಾಮಿ, ಆಟ ಬಿಡಿಸಬೇಡಿ. ಓಡಿದ ಹೃದಯ ಗಟ್ಟಿಯಾಗುತ್ತದೆ ಎಂದು ಆ ಏಳು ಸಾವಿರ ಆಟಗಾರರ ದಾಖಲೆಗಳೇ ಹೇಳುತ್ತಿವೆ. ದಿನವಿಡೀ ಮೊಬೈಲ್ ಹಿಡಿದು ಕುಳಿತ ಮಗನಿಗಿಂತ ಮೈದಾನದಲ್ಲಿ ಬೆವರು ಸುರಿಸುವ ಮಗ ಮೇಲು. ಆದರೆ ಅರ್ಧ ಗಂಟೆ ಒಂದೇ ಸಮನೆ ಹೆಡ್ ಮಾಡುವ ಅಭ್ಯಾಸವನ್ನು ನಿಲ್ಲಿಸಿ. ಹನ್ನೆರಡರ ಒಳಗಿನ ತಮ್ಮ ತಂಗಿಯರು ಜತೆಗೆ ಆಡುತ್ತಿದ್ದರೆ ಅವರಿಗೆ ಹೆಡ್ಡರ್ ಬೇಡವೇ ಬೇಡ. ದೊಡ್ಡ ಮಕ್ಕಳು ಕಲಿಯುವುದಾದರೆ ತಿಳಿದವರ ಎದುರಿನಲ್ಲಿ, ಹಗುರವಾದ ಚೆಂಡಿನಲ್ಲಿ, ಕುತ್ತಿಗೆ ಬಿಗಿಹಿಡಿದು ಹಣೆಯಿಂದ, ಬೆರಳೆಣಿಕೆಯಷ್ಟು ಸಲ ಕಲಿಯಲಿ. ಕುತ್ತಿಗೆ ಬಿಗಿಹಿಡಿದರೆ ತಲೆಯ ಜತೆಗೆ ಮುಂಡದ ಭಾರವೂ ಸೇರಿ ತಲೆ ಹಿಂದಕ್ಕೆ ಜಗ್ಗುವುದು ಕಡಿಮೆಯಾಗುತ್ತದೆ. ಇದೂ ನ್ಯೂಟನ್ನನದೇ ಪಾಠ. ತಲೆಗೆ ಪೆಟ್ಟು ಬಿದ್ದು ತಲೆ ಸುತ್ತಿದರೆ ಅಥವಾ ಗುಂಯ್ ಎಂದರೆ ಅಂದಿನ ಆಟ ಅಲ್ಲಿಗೇ ಮುಗಿಯಿತು. ವಾಂತಿ, ತೂಕಡಿಕೆ, ತಲೆನೋವು ಹೆಚ್ಚಾಗುವುದು, ಮಾತು ತೊದಲುವುದು ಕಂಡರೆ ಡಾಕ್ಟರ ಬಳಿಗೆ.

ಇನ್ನು ಮಕ್ಕಳಿಗೊಂದು ಮಾತು. ತಲೆ ಗುಂಯ್ ಎನ್ನುತ್ತಿದ್ದರೂ 'ಏನಿಲ್ಲ ಸಾರ್' ಎನ್ನಬೇಡಿ. ಗೆಳೆಯರ ಮುಂದೆ ಸಣ್ಣವರಾಗುತ್ತೇವೆ ಎಂದು ಮುಚ್ಚಿಡಬೇಡಿ. ಒಂಬತ್ತು ಗೋಲಿನ ಸೋಲನ್ನು ತಲೆಯೆತ್ತಿ ಎದುರಿಸಿದ ಮೆಕ್ನೀಲ್‌ರಿಂದ ಧೈರ್ಯವನ್ನು ಕಲಿಯಿರಿ. ತಲೆಯನ್ನು ಕಾಪಾಡಿಕೊಳ್ಳುವುದನ್ನು ಅವರ ಕಾಲ ಅವರಿಗೆ ಕಲಿಸಲಿಲ್ಲ, ನಿಮಗೆ ಕಲಿಯುವ ಅವಕಾಶವಿದೆ.

ಕಳೆದ ಶನಿವಾರ ನಮ್ಮ ದೈಹಿಕ ಶಿಕ್ಷಕರು ಮತ್ತು ನಾನು ಸೇರಿ ಮಕ್ಕಳಿಗೆ ಒಂದು ನಿಯಮ ಹೇಳಿದೆವು. ಏಳನೇ ತರಗತಿಯವರೆಗೆ ಚೆಂಡು ಸೊಂಟಕ್ಕಿಂತ ಮೇಲೆ ಹೋದರೆ ಎದುರು ಪಕ್ಷಕ್ಕೆ ಫ್ರೀ ಕಿಕ್. ಹುಡುಗರು ಮೊದಲು ಗೊಣಗಿದರು. ಹತ್ತು ನಿಮಿಷದಲ್ಲಿ ಎತ್ತಿ ಒದೆಯುವುದನ್ನು ಬಿಟ್ಟು ನೆಲದ ಮೇಲೆ ಚೆಂಡನ್ನು ಒಬ್ಬರಿಗೊಬ್ಬರು ಸಾಗಿಸುವುದನ್ನು ಕಲಿತರು. ಬೇವಿನ ಮರದ ಕೆಳಗೆ ಕುಳಿತಿದ್ದ ಹುಡುಗ ಈ ಚಿಕ್ಕವರ ಪಂದ್ಯಕ್ಕೆ ರೆಫರಿ. ಅವರ ತಂದೆ ಸ್ಕೂಟರ್ ನಿಲ್ಲಿಸಿ ಪಂದ್ಯ ಮುಗಿಯುವವರೆಗೂ ನೋಡಿದರು.